ಬ್ಯಾಟರಿಯ ತಪ್ಪಲ್ಲ

ಹದಿನಾಲ್ಕು ತಿಂಗಳಲ್ಲಿ ಎರಡು ಬ್ಯಾಟರಿ. ನಮ್ಮ ಕಾರಿನ ಲೆಕ್ಕ ಇದು. 2014ರಲ್ಲಿ ಕೊಂಡ ಪೆಟ್ರೋಲ್ ಕಾರು, ಓಡಿದ್ದು ಒಂದು ಲಕ್ಷ ಕಿಲೋಮೀಟರ್ ಕೂಡ ಇಲ್ಲ. ಮೊದಲ ಎರಡು ಬ್ಯಾಟರಿಗಳು ತಲಾ ನಾಲ್ಕು ವರ್ಷ ಬಂದಿದ್ದವು. ಮೂರನೆಯದು ಎಂಟು ತಿಂಗಳಿಗೆ ಸತ್ತಿತು, ನಾಲ್ಕನೆಯದು ಆರು ತಿಂಗಳಿಗೆ. ಈ ನಡುವೆ ಹೆಡ್‌ಲೈಟ್ ಬಲ್ಬುಗಳು ಎರಡು ಸಲ ಸುಟ್ಟುಹೋದವು. ಅದನ್ನು ನಾನು ಬೇರೆ ಖಾತೆಗೆ ಹಾಕಿದ್ದೆ. ಉಪ್ಪಲ್‌ನಿಂದ ಪೋಚಾರಂವರೆಗಿನ ರಸ್ತೆಯಲ್ಲಿ ದಿನಾ ಹೋಗಿ ಬರುವವರಿಗೆ ಗೊತ್ತು, ಫ್ಲೈಓವರ್ ಕೆಲಸದ ಆ ಗುಂಡಿಗಳಲ್ಲಿ ಬಲ್ಬೇನು, ಬೆನ್ನುಮೂಳೆಯೂ ಉಳಿಯುವುದಿಲ್ಲ. ಹಾಗಾಗಿ ಗುಂಡಿಗಳನ್ನು ಬೈದುಕೊಂಡು ಸುಮ್ಮನಾಗಿದ್ದೆ.

ನಾನು ಕೆಲಸ ಮಾಡುವುದು ಪ್ರೊಡಕ್ಷನ್ ಸಪೋರ್ಟ್‌ನಲ್ಲಿ. ಸರ್ವರ್ ಬಿದ್ದಾಗ ಯಾರಾದರೂ ಲಾಗ್ ನೋಡದೆ ರೀಸ್ಟಾರ್ಟ್ ಮಾಡಿದರೆ ಮೊದಲು ರೇಗುವವನು ನಾನೇ. ‘ಯಾಕೆ ಬಿತ್ತು ಅಂತ ಗೊತ್ತಾಗದೆ ಎಬ್ಬಿಸಿದರೆ ಮತ್ತೆ ಬೀಳುತ್ತೆ’ ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತೇನೆ. ಅದೇ ನಾನು ಮನೆಯ ಕಾರಿನ ವಿಷಯದಲ್ಲಿ ಒಂದು ಸಲವೂ ಅಳತೆ ಮಾಡದೆ ಎರಡು ಬ್ಯಾಟರಿ ಬದಲಿಸಿದ್ದೆ. ಬ್ಯಾಟರಿ ಅಂಗಡಿಯ ಹುಡುಗ ವಾರಂಟಿ ಕೊಡಲಿಲ್ಲ. ‘ಓವರ್‌ಚಾರ್ಜ್ ಆಗಿದೆ ಸರ್, ಪ್ಲೇಟು ಬಾಗಿವೆ, ತಪ್ಪು ಬ್ಯಾಟರಿಯದಲ್ಲ, ಗಾಡಿಯದು’ ಎಂದ. ನನಗೆ ಅದು ನುಣುಚಿಕೊಳ್ಳುವ ಮಾತು ಅನ್ನಿಸಿತು. ಅಂಗಡಿಯಲ್ಲಿದ್ದ ನಾಲ್ಕು ಜನರ ಮುಂದೆ ಅವನಿಗೆ ಸಾಕಷ್ಟು ಬಯ್ದು, ಬೇರೆ ಅಂಗಡಿಯಲ್ಲಿ ಬೇರೆ ಬ್ಯಾಟರಿ ತೆಗೆದುಕೊಂಡು ಬಂದೆ.

ಏಪ್ರಿಲ್ ತಿಂಗಳ ಒಂದು ಗುರುವಾರ. ಉಪ್ಪಲ್ ಸ್ಟೇಡಿಯಂನಲ್ಲಿ ಐಪಿಎಲ್ ಪಂದ್ಯ. ಪಂದ್ಯದ ದಿನ ಈ ಕಡೆ ಕಾರು ತೆಗೆಯಬಾರದು ಎನ್ನುವುದು ಇಲ್ಲಿಗೆ ಬಂದ ಮೊದಲ ವರ್ಷವೇ ಕಲಿಯುವ ಪಾಠ. ಆದರೆ ಮಗಳ ಡ್ಯಾನ್ಸ್ ಕ್ಲಾಸು ಹಬ್ಸಿಗೂಡದಲ್ಲಿ, ಹೋಗಲೇಬೇಕಿತ್ತು. ವಾಪಸ್ ಬರುವಾಗ ರಿಂಗ್ ರೋಡ್ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆವು. ಹೊರಗೆ ರಾತ್ರಿ ಎಂಟಕ್ಕೂ ಬಿಸಿಗಾಳಿ, ಒಳಗೆ ಎಸಿ. ಹಿಂದಿನ ಸೀಟಿನಿಂದ ಮಗಳು, ‘ಅಪ್ಪಾ, ಕೊಳೆತ ಮೊಟ್ಟೆ ವಾಸನೆ’ ಎಂದಳು. ಪಕ್ಕದ ನಾಲೆಯದಿರಬೇಕು ಎಂದೆ. ನನ್ನಾಕೆ, ‘ನಾಲೆ ಹಿಂದೆ ಉಳೀತು, ವಾಸನೆ ನಮ್ಮ ಜೊತೆನೇ ಬರ್ತಾ ಇದೆ’ ಎಂದಳು.

ಕಾರನ್ನು ಎಡಕ್ಕೆ ತಂದು ನಿಲ್ಲಿಸಿ ಬಾನೆಟ್ ಎತ್ತಿದೆ. ಬ್ಯಾಟರಿಯ ಎರಡೂ ಪಕ್ಕ ಊದಿಕೊಂಡಿದ್ದವು. ಒಳಗಿನಿಂದ ಸೋಡಾ ಬಾಟಲಿ ತೆರೆದಾಗ ಬರುವಂಥ ಸಣ್ಣ ಸುಯ್ ಸದ್ದು. ನಮ್ಮ ಊರಲ್ಲಾಗಲಿ ಇಲ್ಲಾಗಲಿ, ಬಾನೆಟ್ ಎತ್ತಿದರೆ ಜನ ಸೇರುತ್ತಾರೆ. ಮೂವರು ಬಗ್ಗಿ ನೋಡತೊಡಗಿದರು, ಒಬ್ಬರ ಬಾಯಲ್ಲಿ ಹೊತ್ತಿದ ಬೀಡಿ. ಏನು ಮಾಡಬೇಕು ಎಂದು ತಿಳಿಯದೆ ನಾನು ಅಪ್ಪನಿಗೆ ಫೋನು ಮಾಡಿದೆ. ಯಾಕೆ ಅಪ್ಪನಿಗೇ ಮಾಡಿದೆ ಎಂದು ಈಗ ಯೋಚಿಸಿದರೂ ಉತ್ತರ ಇಲ್ಲ. ಕಾರಿನ ವಿಷಯಕ್ಕೆ ಅವರಿಗೆ ನಾನು ಯಾವತ್ತೂ ಫೋನು ಮಾಡಿದ್ದಿಲ್ಲ.

‘ಇಂಜಿನ್ ಬಂದ್ ಮಾಡೀಯೋ ಇಲ್ಲೋ?’ ಎಂದರು.

‘ಮಾಡೀನಿ.’

‘ಕೂಸಿನ್ನ ಇಳಿಸಿ ದೂರ ಕಳಸು. ಬೀಡಿ ಸಿಗರೇಟು ಯಾವನೂ ಹತ್ರ ಬರಬಾರದು. ಟರ್ಮಿನಲ್ ಮುಟ್ಟಬ್ಯಾಡ, ಕಿಡಿ ಹಾರತದ. ಬಾನೆಟ್ ಹಂಗ ತೆರದಿಡು, ಅರ್ಧ ತಾಸು ಗಾಳಿ ಆಡಲಿ. ಆಮ್ಯಾಲೆ ಮಾತಾಡೋಣು.’

ಬೀಡಿಯವರಿಗೆ ಕೈ ಮುಗಿದು ದೂರ ಕಳಿಸಿದೆ. ಮಗಳು, ಅವಳಮ್ಮ ಮೆಟ್ರೋ ಹತ್ತಿ ಮುಂದಿನ ಸ್ಟೇಷನ್ ನಾಗೋಲಿನಲ್ಲಿ ಇಳಿದು ಆಟೋದಲ್ಲಿ ಮನೆ ಸೇರಿದರು. ನಾನು ಕಾರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಸ್ಟೇಡಿಯಂನ ಕೂಗು ಕೇಳುತ್ತಾ ನಿಂತೆ. ಅರ್ಧ ತಾಸಿಗೆ ಸರಿಯಾಗಿ ಅಪ್ಪನೇ ಫೋನು ಮಾಡಿದರು. ಅವರು ಕೇಳಿದ ಮೊದಲ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ.

‘ಬ್ಯಾಟರಿಗೆ ನೀರು ಎಷ್ಟ ದಿನಕ್ಕೊಮ್ಮಿ ಹಾಕ್ತಿದ್ದಿ?’

ಯೋಚಿಸಿದೆ. ತಿಂಗಳಿಗೊಮ್ಮೆ ಕಾರು ತೊಳೆಯುವ ಹುಡುಗ ನೀರು ಕಡಿಮೆ ಇದೆ ಎನ್ನುತ್ತಿದ್ದ. ನಾನು ಡಿಸ್ಟಿಲ್ಡ್ ವಾಟರ್ ತಂದುಕೊಡುತ್ತಿದ್ದೆ. ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಬಾಟಲಿ ಖಾಲಿಯಾಗುತ್ತಿತ್ತು.

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ತಿಂಗಳಿಗೆ ಅರ್ಧ ಲೀಟರ್ ಕುಡಿಯೋ ಬ್ಯಾಟರಿ ತಾನ ಹೇಳಾಕತ್ತದ, ನನ್ನ ಬೇಯಸಾಕತ್ತಾರ ಅಂತ. ನೀ ಕೇಳಿಲ್ಲ’ ಎಂದರು.

ಇಲ್ಲಿ ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ರಾಯಚೂರಿನ ಹತ್ತಿರ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮರುವರ್ಷ ಅಪ್ಪ ಅಲ್ಲಿ ಕೆಲಸಕ್ಕೆ ಸೇರಿದರು. ಬಹಳ ವರ್ಷ ಅವರು ಇದ್ದದ್ದು ಬ್ಯಾಟರಿ ರೂಮಿನಲ್ಲಿ. ಚಿಕ್ಕವನಿದ್ದಾಗ ನನಗೆ ಅದು ನಾಚಿಕೆಯ ವಿಷಯವಾಗಿತ್ತು. ಬೇರೆ ಹುಡುಗರ ಅಪ್ಪಂದಿರು ಟರ್ಬೈನು, ಬಾಯ್ಲರು ಎನ್ನುತ್ತಿದ್ದರು. ನಮ್ಮಪ್ಪ ಬ್ಯಾಟರಿಗೆ ನೀರು ಹಾಕಿ ನೋಟ್‌ಬುಕ್ಕಿನಲ್ಲಿ ನಂಬರು ಬರೆಯುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ಅಂಗಿಯ ಮೇಲೆ ಆ್ಯಸಿಡ್ ಬಿದ್ದ ಸಣ್ಣ ಸಣ್ಣ ತೂತುಗಳು. ಅವ್ವ ಅವುಗಳಿಗೆ ತೇಪೆ ಹಾಕುತ್ತಾ ಗೊಣಗುತ್ತಿದ್ದಳು.

ಅಷ್ಟು ದೊಡ್ಡ ವಿದ್ಯುತ್ ಕೇಂದ್ರಕ್ಕೆ ಬ್ಯಾಟರಿ ಯಾಕೆ ಎಂದು ನಾನು ಕೇಳಿದ್ದೇ ಇಲ್ಲ. ಆ ರಾತ್ರಿ ಕೇಳಿದೆ. ಎಲ್ಲ ಕರೆಂಟೂ ಹೋದಾಗ ಬ್ರೇಕರುಗಳನ್ನು ಬಿಡಿಸುವುದಕ್ಕೆ, ತಿರುಗುತ್ತಿರುವ ಟರ್ಬೈನಿನ ಬೇರಿಂಗುಗಳಿಗೆ ಎಣ್ಣೆ ಕಳಿಸುವ ತುರ್ತು ಪಂಪಿಗೆ ಆ ಬ್ಯಾಟರಿಗಳೇ ಗತಿ. 220 ವೋಲ್ಟಿನ ಡಿಸಿ, ನೂರಕ್ಕೂ ಹೆಚ್ಚು ಸೆಲ್‌ಗಳು ಸಾಲಾಗಿ. ಅವು ಕೈಕೊಟ್ಟರೆ ಕೋಟಿಗಟ್ಟಲೆ ಬೆಲೆಯ ಟರ್ಬೈನ್ ಎಣ್ಣೆಯಿಲ್ಲದೆ ತಿರುಗಿ ಹಾಳಾಗುತ್ತದೆ. ‘ಎಲ್ಲಾ ಸರಿ ಇದ್ದಾಗ ನಮ್ಮನ್ನ ಯಾರೂ ಕೇಳಂಗಿಲ್ಲ’ ಎಂದು ಅಪ್ಪ ನಕ್ಕರು.

ವಿಷಯ ಇಷ್ಟೇ ಆಗಿದ್ದರೆ ನಾನು ಮರುದಿನ ಕಾರನ್ನು ವರ್ಕ್‌ಶಾಪಿಗೆ ಕಳಿಸಿ ಮೆಟ್ರೋದಲ್ಲಿ ಓಡಾಡುತ್ತಿದ್ದೆ. ಆದರೆ ಸೋಮವಾರ ಅಪ್ಪನ ಕಣ್ಣಿನ ಪೊರೆಯ ಆಪರೇಷನ್ ಇತ್ತು, ಇಲ್ಲಿಯೇ ಹೈದರಾಬಾದಿನಲ್ಲಿ. ಶನಿವಾರ ರಾಯಚೂರಿಗೆ ಹೋಗಿ ಇಬ್ಬರನ್ನೂ ಕಾರಿನಲ್ಲಿ ಕರೆತರುವುದು ಎಂದು ಒಂದು ತಿಂಗಳಿಂದ ಹೇಳಿಕೊಂಡು ಬಂದಿದ್ದೆ. ಅವ್ವನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಒಂದು ದಿಕ್ಕಿಗೆ 200 ಕಿಲೋಮೀಟರಿಗೂ ಹೆಚ್ಚು, ಏಪ್ರಿಲ್ ಬಿಸಿಲು. ಶುಕ್ರವಾರ ಬೆಳಿಗ್ಗೆ ಒಂದು ದೊಡ್ಡ ವರ್ಕ್‌ಶಾಪಿಗೆ ಫೋನು ಮಾಡಿದೆ. ಅವರು ಗಾಡಿ ನೋಡುವ ಮೊದಲೇ, ‘ಆಲ್ಟರ್ನೇಟರ್ ಪೂರ್ತಿ ಬದಲಿಸಬೇಕು, ಹದಿನಾಲ್ಕು ಸಾವಿರ, ಮೂರು ದಿನ’ ಎಂದರು.

ಅಪ್ಪನಿಗೆ ಹೇಳಿದೆ. ‘ಅಳತಿ ಮಾಡಲಾರದ ಏನೂ ಬದಲಸಬ್ಯಾಡ’ ಎಂದರು. ನಾನು ಆಫೀಸಿನಲ್ಲಿ ದಿನಾ ಹೇಳುವ ಮಾತು!

ಶುಕ್ರವಾರ ಸಂಜೆ ರಾಮಂತಾಪುರ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಅರವತ್ತರ ಆಸುಪಾಸಿನ ಭಾಯ್. ಸ್ಕೂಟಿಯ ಕಾಲಿನ ಜಾಗದಲ್ಲಿ ಒಂದು ಹಳೆಯ ಆದರೆ ಗಟ್ಟಿ ಬ್ಯಾಟರಿ, ಕೈಯಲ್ಲಿ ಟೆಸ್ಟ್ ಲ್ಯಾಂಪ್. ಅವರ ಮೀಟರ್ ಅಂಗಡಿಯಲ್ಲೇ ಉಳಿದಿತ್ತು, ನನ್ನ ಬಳಿ ಎಂದೋ ಕೊಂಡ ಅಗ್ಗದ ಹಳದಿ ಮೀಟರ್ ಇತ್ತು. ಬ್ಯಾಟರಿ ಊದಿರುವುದನ್ನು ನೋಡಿ, ಅದರ ಮೇಲೆ ಇಂಜಿನ್ ಓಡಿಸುವುದು ಬೇಡ ಎಂದು ಅವರೂ ಅಂದರು, ಫೋನಿನಲ್ಲಿ ಅಪ್ಪನೂ ಅಂದರು. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ ಅದನ್ನು ದೂರ ಇಟ್ಟು, ತಂದ ಬ್ಯಾಟರಿ ಕೂರಿಸಿದರು.

ಈ ನಡುವೆ ಮೂರನೇ ಮಹಡಿಯ ನೆರೆಯವರು ಬಂದು, ‘ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ, ಬಂದ್ ಆಗದಿದ್ದರೆ ಆಲ್ಟರ್ನೇಟರ್ ಸರಿ ಇದೆ ಅಂತ ಅರ್ಥ’ ಎಂದರು. ಹಳೆಯ ಅಂಬಾಸಿಡರ್ ಕಾಲದ ಈ ಪರೀಕ್ಷೆಯನ್ನು ನೀವೂ ಕೇಳಿರುತ್ತೀರಿ. ಈಗಿನ ಕಾರುಗಳಲ್ಲಿ ದಯವಿಟ್ಟು ಮಾಡಬೇಡಿ. ಬ್ಯಾಟರಿ ಒಂದು ದೊಡ್ಡ ಕೆರೆಯಂತೆ ವೋಲ್ಟೇಜಿನ ಏರಿಳಿತವನ್ನು ತಡೆದು ನಿಂತಿರುತ್ತದೆ. ಓಡುವಾಗ ಅದನ್ನು ಕಿತ್ತರೆ ಕ್ಷಣಮಾತ್ರದಲ್ಲಿ ಹತ್ತಾರು ವೋಲ್ಟ್ ಚಿಮ್ಮಿ ಆಲ್ಟರ್ನೇಟರಿನ ಡಯೋಡು, ಇಂಜಿನ್ ಕಂಪ್ಯೂಟರ್ ಎಲ್ಲವೂ ಹೋಗಬಹುದು.

ಮುಂದಿನದು ಅಪ್ಪ ಫೋನಿನ ಸ್ಪೀಕರಿನಲ್ಲಿ, ಭಾಯ್ ಬಾನೆಟ್ ಕೆಳಗೆ, ನಾನು ಮೀಟರ್ ಹಿಡಿದು. ಪೊರೆ ಬಂದ ಕಣ್ಣಿಗೆ ವಿಡಿಯೋ ಕಾಲ್ ಪ್ರಯೋಜನ ಇರಲಿಲ್ಲ, ನಂಬರು ಓದಿ ಹೇಳು ಎಂದರು. ಇಂಜಿನ್ ಬಂದ್ ಇದ್ದಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟೆ. 13.7.

‘ಹೆಂಗ ಬರತದ?’ ಎಂದರು ಅಪ್ಪ. ‘ಆರು ಸೆಲ್ಲು. ಚಾರ್ಜ್ ತುಂಬಿ ಸುಮ್ಮನ ಕುಂತಿದ್ದ ಸೆಲ್ಲು ಎರಡು ಪಾಯಿಂಟ್ ಒಂದರ ಮ್ಯಾಲೆ ಹೋಗಂಗಿಲ್ಲ. ಅಂದ್ರ 12.6, 12.7. ಮೊದಲ ನಿನ್ನ ಮೀಟರ್ ಖರೇ ಹೇಳತದೋ ಸುಳ್ಳು ಹೇಳತದೋ ನೋಡು.’

ಹೊಸ ಪೆನ್ ಸೆಲ್ ಒಂದನ್ನು ಅಳೆಯಲು ಹೇಳಿದರು. ಹೊಚ್ಚ ಹೊಸ ಆಲ್ಕಲೈನ್ ಸೆಲ್ ಕೂಡ 1.65 ದಾಟುವುದಿಲ್ಲ, ನನ್ನ ಮೀಟರ್ 1.76 ತೋರಿಸಿತು. ಮೀಟರಿನೊಳಗಿನ 9 ವೋಲ್ಟ್ ಬ್ಯಾಟರಿ ಸಾಯುತ್ತಾ ಬಂದಿತ್ತು. ಅದು ಇಳಿದಾಗ ಅಗ್ಗದ ಮೀಟರುಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಕಿರಾಣಿ ಅಂಗಡಿಗೆ ಓಡಿ ಹೊಸದು ತಂದು ಹಾಕಿದೆ. ಪೆನ್ ಸೆಲ್ 1.61, ಕಾರಿನ ಬ್ಯಾಟರಿ 12.5. ಈಗ ಸರಿ ಎಂದರು.

ಇಂಜಿನ್ ಶುರು ಮಾಡಿದೆವು. ನಿಂತಲ್ಲೇ ಓಡುವಾಗ ಬ್ಯಾಟರಿ ಮೇಲೆ 15.6. ಇದು ಹೆಚ್ಚು. ಸಾಮಾನ್ಯ ಕಾರಿನಲ್ಲಿ 13.8ರಿಂದ 14.5ರ ನಡುವೆ ಇರಬೇಕು. ಅಪ್ಪ ಆರರಿಂದ ಭಾಗಿಸಿದರು. ‘ಒಂದ ಸೆಲ್ಲಿಗೆ 2.6 ಆತು. 2.4 ದಾಟಿದ್ರ ನೀರು ಒಡೀತದ, ಗ್ಯಾಸ್ ಬರತದ. ನಿನ್ನ ಬ್ಯಾಟರಿ ದಿನಾ ಕುದ್ದದ.’

ಸೀಸ-ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ 1859ರಲ್ಲಿ ಮಾಡಿದ. ಅಂದಿನಿಂದ ಇಂದಿನವರೆಗೂ ಒಳಗಿನ ರಸಾಯನ ಅದೇ. ಚಾರ್ಜ್ ತುಂಬಿದ ಮೇಲೂ ವಿದ್ಯುತ್ ನುಗ್ಗಿಸಿದರೆ ಹೋಗಲು ಜಾಗವಿಲ್ಲದೆ ಅದು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಒಂದು ಆಂಪಿಯರ್ ಒಂದು ಗಂಟೆ ಹೀಗೆ ಹರಿದರೆ ಪ್ರತಿ ಸೆಲ್‌ನಲ್ಲಿ ಗ್ರಾಮಿನ ಮೂರನೇ ಒಂದು ಭಾಗ ನೀರು ಹೋಗುತ್ತದೆ. ಆರು ಸೆಲ್‌ಗೆ 2 ಗ್ರಾಂ. ನಾನು ಕೂತು ಲೆಕ್ಕ ಹಾಕಿದೆ: ದಿನಕ್ಕೆ ಎರಡು ಗಂಟೆ ರಸ್ತೆಯಲ್ಲಿ, 4 ಆಂಪಿಯರ್ ಹೆಚ್ಚುವರಿ ಎಂದುಕೊಂಡರೆ ದಿನಕ್ಕೆ 16 ಗ್ರಾಂ, ತಿಂಗಳ ಇಪ್ಪತ್ತೆರಡು ಕೆಲಸದ ದಿನಗಳಿಗೆ ಸುಮಾರು 350 ಮಿಲಿಲೀಟರ್. ಕಾರು ತೊಳೆಯುವ ಹುಡುಗ ಖಾಲಿ ಮಾಡುತ್ತಿದ್ದ ಬಾಟಲಿಯ ಲೆಕ್ಕ ಹತ್ತಿರ ಹತ್ತಿರ ತಾಳೆಯಾಯಿತು. ಬಲ್ಬಿನ ಲೆಕ್ಕವೂ ಅಷ್ಟೇ. ವೋಲ್ಟೇಜ್ ಶೇಕಡಾ 5 ಏರಿದರೆ ಫಿಲಮೆಂಟ್ ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪಾಪ, ಆ ರಸ್ತೆಯ ಗುಂಡಿಗಳನ್ನು ಈ ಒಂದು ವಿಷಯಕ್ಕೆ ಸುಮ್ಮನೆ ಬೈದಿದ್ದೆ.

ಗಾಳಿಯಲ್ಲಿ ಜಲಜನಕ ಶೇಕಡಾ 4 ಇದ್ದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಗುರುವಾರ ರಾತ್ರಿಯ ಬೀಡಿ ನೆನಪಾಗಿ ಮೈ ತಣ್ಣಗಾಯಿತು. ಬ್ಯಾಟರಿ ಸಿಡಿದರೆ ಬೆಂಕಿ ಒಂದೇ ಅಲ್ಲ, ಆ್ಯಸಿಡ್ ಮುಖಕ್ಕೆ ಹಾರುತ್ತದೆ.

‘ಈಗ ರೇಸ್ ಮಾಡು’ ಎಂದರು ಅಪ್ಪ. ನಾನು 2000 ಆರ್‌ಪಿಎಂಗೆ ಏರಿಸಿದೆ. ಭಾಯ್ ಮೀಟರ್ ಓದಿದರು. 15.6. ಇನ್ನೂ ಏರಿಸಿದೆ. 15.6. ಅಲ್ಲಾಡಲಿಲ್ಲ.

ಇಲ್ಲಿ ಅಪ್ಪನ ದನಿ ಬದಲಾಯಿತು. ‘ನಿಂತದಲ್ಲಾ? ನಿಂತದ ಅಂದ್ರ ಯಾರೋ ಹಿಡದು ನಿಲ್ಲಿಸ್ಯಾರ.’

ಈ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹದಿನಾಲ್ಕು ಸಾವಿರ ಉಳಿದದ್ದು ಅದರಿಂದ. ಆಲ್ಟರ್ನೇಟರ್ ಒಳಗೆ ತಿರುಗುವ ಒಂದು ವಿದ್ಯುತ್ಕಾಂತ ಇರುತ್ತದೆ. ಅದಕ್ಕೆ ಎಷ್ಟು ವಿದ್ಯುತ್ ಕೊಡುತ್ತೇವೋ ಅದರ ಮೇಲೆ ಹೊರಬರುವ ವೋಲ್ಟೇಜ್ ನಿಲ್ಲುತ್ತದೆ. ಆ ಕೊಡುಕೊಳ್ಳುವಿಕೆಯನ್ನು ಸೆಕೆಂಡಿಗೆ ನೂರಾರು ಸಲ ಸರಿಮಾಡುವುದು ರೆಗ್ಯುಲೇಟರ್ ಎನ್ನುವ ಪುಟ್ಟ ಭಾಗ. ಅದು ಶಾರ್ಟ್ ಆಗಿ ಸತ್ತರೆ ಹಿಡಿಯುವವರೇ ಇಲ್ಲ, ಇಂಜಿನ್ ವೇಗ ಏರಿದಂತೆ 16, 17, 18 ಎಂದು ವೋಲ್ಟೇಜೂ ಏರುತ್ತಾ ಹೋಗುತ್ತದೆ. ನಮ್ಮ ಕಾರಿನಲ್ಲಿ ಹಾಗಾಗಲಿಲ್ಲ. ರೆಗ್ಯುಲೇಟರ್ ಬದುಕಿತ್ತು, ತನ್ನ ಕೆಲಸ ಮಾಡುತ್ತಿತ್ತು, ಆದರೆ ತಪ್ಪು ಅಂಕಿಯಲ್ಲಿ ಹಿಡಿದು ನಿಂತಿತ್ತು. ಒಂದೋ ಅದರ ಅಳತೆಯೇ ಕೆಟ್ಟಿರಬೇಕು, ಇಲ್ಲವೇ ಅದಕ್ಕೆ ಯಾರೋ ಸುಳ್ಳು ಸುದ್ದಿ ತಲುಪಿಸುತ್ತಿರಬೇಕು.

ಭಾಯ್ ಮತ್ತು ಅಪ್ಪ ಈಗ ದಖ್ಖನಿಗೆ ಇಳಿದಿದ್ದರು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ನಮ್ಮ ಕಡೆಯ ಹಿರಿಯರಿಗೆ ಆ ಮಾತು ಮನೆಮಾತಿನಷ್ಟೇ ಸಲೀಸು. ನನಗೆ ಅರ್ಧ ಅರ್ಥವಾಗುತ್ತಿತ್ತು. ‘ಬ್ಯಾಟರೀ ಕೈಕು ಬದಲ್ ರೇ ಸಾಬ್, ಬೀಮಾರೀ ಉಧರ್ ಹೈಚ್ ನೈ’ ಎಂದು ಭಾಯ್ ನನ್ನ ಕಡೆ ನೋಡಿ ತಲೆಯಾಡಿಸಿದ್ದು ಮಾತ್ರ ಪೂರ್ತಿ ಅರ್ಥವಾಯಿತು. ರೋಗ ಇಲ್ಲದ ಕಡೆ ಔಷಧಿ ಹಾಕುತ್ತಿದ್ದೆ.

ಒಂದೊಂದೇ ಅಳೆದೆವು. ಆಲ್ಟರ್ನೇಟರ್ ಹಿಂಬದಿಯ ದಪ್ಪ ಬೋಲ್ಟಿನ ಮೇಲೆ 15.7, ಬ್ಯಾಟರಿ ಮೇಲೆ 15.6, ಹಾಗಾದರೆ ದಪ್ಪ ಕೇಬಲ್ ಸರಿ ಇದೆ. ಎಸಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ನೆಗೆಟಿವ್‌ನಿಂದ ಆಲ್ಟರ್ನೇಟರ್ ಮೈಗೆ ಅಳೆದರೆ 0.05. ಇದು 0.2ರ ಒಳಗಿದ್ದರೆ ಅರ್ಥಿಂಗ್ ಸರಿ ಎಂದು ಲೆಕ್ಕ. ಉಳಿದದ್ದು ಆಲ್ಟರ್ನೇಟರಿನ ಸಣ್ಣ ಸಾಕೆಟ್ಟಿಗೆ ಹೋಗುವ ಒಂದು ತೆಳು ತಂತಿ. ಬ್ಯಾಟರಿಯಲ್ಲಿ ಈಗ ಎಷ್ಟು ವೋಲ್ಟ್ ಇದೆ ಎಂದು ರೆಗ್ಯುಲೇಟರಿಗೆ ಸುದ್ದಿ ಮುಟ್ಟಿಸುವ ತಂತಿ. ಎಲ್ಲ ಕಾರುಗಳಲ್ಲೂ ಇದು ಪ್ರತ್ಯೇಕವಾಗಿ ಇರುವುದಿಲ್ಲ, ಕೆಲವದರಲ್ಲಿ ರೆಗ್ಯುಲೇಟರ್ ಒಳಗೇ ನೋಡಿಕೊಳ್ಳುತ್ತದೆ. ನಮ್ಮದರಲ್ಲಿ ಇತ್ತು. ಭಾಯ್ ಗುಂಡುಪಿನ್ನು ತೂರಿಸಿ ಸಾಕೆಟ್ಟಿನ ಹಿಂದಿನಿಂದ ಅಳೆದರು.

13.9.

ಬ್ಯಾಟರಿಯಲ್ಲಿ 15.6 ಇರುವಾಗ ರೆಗ್ಯುಲೇಟರಿಗೆ ತಲುಪುತ್ತಿದ್ದ ಸುದ್ದಿ 13.9. ದಾರಿಯಲ್ಲಿ 1.7 ವೋಲ್ಟ್ ಕಳೆದುಹೋಗುತ್ತಿತ್ತು. ಪಾಪದ ರೆಗ್ಯುಲೇಟರ್, ಬ್ಯಾಟರಿ ಇನ್ನೂ ಹಸಿದಿದೆ ಎಂದುಕೊಂಡು ಬಡಿಸುತ್ತಲೇ ಇತ್ತು.

ತಂತಿಯನ್ನು ಹಿಡಿದು ಹೋದರೆ ಫ್ಯೂಸ್ ಬಾಕ್ಸಿನ ಕೆಳಗಿನ ಒಂದು ಜೋಡಣೆ. ಭಾಯ್ ಬಿಡಿಸಿ ಅಂಗೈ ಮೇಲೆ ಇಟ್ಟು ತೋರಿಸಿದರು. ಹಸಿರು ಕಿಲುಬು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಬರುತ್ತದಲ್ಲ, ಅದೇ ಬಣ್ಣ. ‘ಗಾಡಿ ನೀರಲ್ಲಿ ನಿಂತಿತ್ತಾ?’ ಎಂದು ಕೇಳಿದರು. ನಿಂತಿತ್ತು. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ಈ ಭಾಗದವರು ಯಾರೂ ಮರೆಯುವಂಥದ್ದಲ್ಲ. ರಾಮಂತಾಪುರ, ಹಬ್ಸಿಗೂಡದ ಎಷ್ಟೋ ಬೀದಿಗಳು ಕೆರೆಗಳಾಗಿದ್ದವು. ನಮ್ಮ ಕಾರು ಬೆಳಗಿನವರೆಗೆ ಬಂಪರಿನ ಮೇಲಿನವರೆಗೆ ನೀರಲ್ಲಿತ್ತು. ಒಣಗಿಸಿ, ಎಣ್ಣೆ ಬದಲಿಸಿ, ಸೀಟು ತೊಳೆದು ‘ಎಲ್ಲಾ ಓಕೆ’ ಎಂದು ಕೊಟ್ಟಿದ್ದರು. ನಾನೂ ಮರೆತಿದ್ದೆ. ಆ ಜೋಡಣೆಯೊಳಗೆ ಉಳಿದ ತೇವ ಮಾತ್ರ ವರ್ಷಗಟ್ಟಲೆ ತಾಮ್ರವನ್ನು ತಿನ್ನುತ್ತಾ ಕೂತಿತ್ತು.

ಎರಡು ಇಂಚು ತಂತಿ ಕತ್ತರಿಸಿ, ಹೊಸ ಟರ್ಮಿನಲ್ ಹಾಕಿ, ಬೆಸುಗೆ ಮಾಡಿ, ಮೇಲೆ ಸ್ಲೀವ್ ತೊಡಿಸಿದರು. ಮತ್ತೆ ಇಂಜಿನ್ ಶುರು. 14.2. ಬಿಸಿಯಾದ ಮೇಲೆ 14.0. ಎಸಿ, ಲೈಟು, ಫ್ಯಾನು ಎಲ್ಲ ಹಾಕಿದರೆ 13.9. ಒಂದೊಂದನ್ನೂ ನಾನು ಓದಿ ಹೇಳಿದೆ. ‘ಆತು ಬಿಡು’ ಎಂದರು ಅಪ್ಪ. ಭಾಯ್ ತೆಗೆದುಕೊಂಡದ್ದು ನಾನೂರು ರೂಪಾಯಿ.

ಹೊಸ ಬ್ಯಾಟರಿಯಂತೂ ಬೇಕಾಗಿತ್ತು. ಎಲ್ಲಿ ತರಬೇಕು ಎಂದು ಹೆಚ್ಚು ಯೋಚಿಸಲಿಲ್ಲ, ನಾನು ಬಯ್ದು ಬಂದಿದ್ದ ಆ ಮೊದಲ ಅಂಗಡಿಗೇ ಹೋದೆ. ಹುಡುಗ ನನ್ನನ್ನು ಗುರುತು ಹಿಡಿದು ಮುಖ ಬಿಗಿಮಾಡಿಕೊಂಡ. ‘ನೀ ಹೇಳಿದ್ದೇ ಸರಿ ಇತ್ತಪ್ಪ, ಗಾಡಿಯ ತಪ್ಪು. ಅವತ್ತು ನಾನು ಹಾಗೆ ಮಾತಾಡಬಾರದಿತ್ತು’ ಎಂದೆ. ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಪರವಾಗಿಲ್ಲ ಸರ್’ ಎಂದು ಬ್ಯಾಟರಿ ಕೂರಿಸಿ, ತಾನೇ ಇಂಜಿನ್ ಶುರು ಮಾಡಿಸಿ ಮೀಟರ್ ಇಟ್ಟು ನೋಡಿದ. ಮೊದಲ ಸಲವೂ ಅವನು ನೋಡಿಯೇ ಹೇಳಿದ್ದನೇನೋ. ನಾನು ಕೇಳಿರಲಿಲ್ಲ.

ಶನಿವಾರ ನಸುಕಿಗೆ ಹೊರಟೆವು. ಶಾದ್‌ನಗರ, ಜಡ್ಚರ್ಲಾ, ಮೆಹಬೂಬ್‌ನಗರ, ಮಕ್ತಲ್, ಕೃಷ್ಣಾ ಸೇತುವೆ. ಸೇತುವೆಯಿಂದ ಶಕ್ತಿನಗರದ ಚಿಮಣಿಗಳು ಕಂಡಾಗ ಮಗಳಿಗೆ, ‘ಅಲ್ಲಿ ಅಜ್ಜ ಬ್ಯಾಟರಿ ನೋಡಿಕೊಳ್ತಿದ್ದರು’ ಎಂದೆ. ‘ಮೊಬೈಲ್ ಬ್ಯಾಟರಿನಾ?’ ಎಂದಳು. ಅಲ್ಲ, ಎಂದು ಅವಳಿಗೆ ಟರ್ಬೈನಿನ ಎಣ್ಣೆ ಪಂಪಿನ ಕಥೆ ಹೇಳಿದೆ. ನನಗೆ ಅವಳ ವಯಸ್ಸಿನಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಿಮ್ಮ ಕಾರಿಗೂ ಹೀಗಾದರೆ ನೆನಪಿಡಬೇಕಾದದ್ದು ಇಷ್ಟು. ಬ್ಯಾಟರಿ ಬೇಗ ಬೇಗ ನೀರು ಕುಡಿಯುತ್ತಿದ್ದರೆ, ಬಲ್ಬುಗಳು ಪದೇ ಪದೇ ಸುಡುತ್ತಿದ್ದರೆ, ರೇಸ್ ಮಾಡಿದಾಗ ಹೆಡ್‌ಲೈಟ್ ಹೆಚ್ಚು ಪ್ರಕಾಶವಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮೊದಲು ಅಳೆಯಿರಿ. ಮೀಟರನ್ನು ಹೊಸ ಪೆನ್ ಸೆಲ್ ಮೇಲೆ ಪರೀಕ್ಷಿಸಿ. ಇಂಜಿನ್ ಓಡುವಾಗ 15 ದಾಟಿದರೆ ಚಾರ್ಜಿಂಗ್ ಕಡೆ ದೋಷ. ವಾಸನೆ ಇದ್ದೂ ವೋಲ್ಟೇಜ್ 14ರ ಆಸುಪಾಸಿನಲ್ಲೇ ಇದ್ದರೆ ಆಗ ಬ್ಯಾಟರಿಯ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ವೇಗದ ಜೊತೆ ವೋಲ್ಟೇಜ್ ಏರುತ್ತಾ ಹೋದರೆ ರೆಗ್ಯುಲೇಟರ್ ಹೋಗಿದೆ. ಎಷ್ಟೋ ಕಾರುಗಳಲ್ಲಿ ಅದೊಂದನ್ನೇ ಬದಲಿಸಬಹುದು, ಆಲ್ಟರ್ನೇಟರ್ ಪೂರ್ತಿ ಬೇಕಿಲ್ಲ. ಏರಿದ ಕಡೆ ನಿಂತರೆ ಸುದ್ದಿ ಮುಟ್ಟಿಸುವ ತಂತಿ ನೋಡಿಸಿ. ಈಚಿನ ಹಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ನಿಯಂತ್ರಿಸುತ್ತದೆ, ಅವುಗಳಲ್ಲಿ ವೋಲ್ಟೇಜ್ ಬೇಕೆಂದೇ ಏರಿಳಿಯುತ್ತದೆ, ಸ್ವಲ್ಪ ಹೊತ್ತು 15ರ ಹತ್ತಿರ ಹೋದರೆ ಗಾಬರಿ ಬೇಡ. ಬ್ಯಾಟರಿ ಊದಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಇಂಜಿನ್ ಬಂದ್ ಮಾಡಿ ದೂರ ನಿಲ್ಲಿ, ಇನ್ನೊಂದು ಕಾರಿನಿಂದ ಜಂಪ್ ಕೊಡಲು ಹೋಗಬೇಡಿ.

ಅಪ್ಪನ ಆಪರೇಷನ್ ಚೆನ್ನಾಗಿ ಆಯಿತು. ಹತ್ತನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು, ‘ಕೆಳಗ ಕರಕೊಂಡು ಹೋಗು, ಗಾಡಿ ಶುರು ಮಾಡು’ ಎಂದರು. ಕನ್ನಡಕ ಹಣೆಗೇರಿಸಿ, ಮೀಟರನ್ನು ಕಣ್ಣಿನ ಹತ್ತಿರ ತಂದು ತಾವೇ ಓದಿದರು. ‘ಹದ್ನಾಕು ಪಾಯಿಂಟ್ ಒಂದು.’ ಆಮೇಲೆ ನೋಟ್‌ಬುಕ್ ಕೇಳಿದರು. ಮಗಳ ಹಳೆಯ ಗಣಿತದ ಪುಸ್ತಕದ ಉಳಿದ ಹಾಳೆಗಳಲ್ಲಿ ಪಟ್ಟಿ ಹಾಕಿ ತಾರೀಖು, ವೋಲ್ಟು, ನೀರು ಎಂದು ಮೂರು ಕಾಲಂ ಮಾಡಿದರು. ಮೊದಲ ಸಾಲು ಅವರ ಕೈಬರಹದಲ್ಲಿದೆ. ಈಗ ಅದು ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಇರುತ್ತದೆ. ಊರಿಗೆ ಹೋದ ಮೇಲೂ ತಿಂಗಳ ಮೊದಲ ಭಾನುವಾರ ಫೋನು ಬರುತ್ತದೆ. ‘ಎಷ್ಟದ?’ ಎನ್ನುತ್ತಾರೆ. ಓದಿ ಹೇಳುತ್ತೇನೆ. ಆಮೇಲೆ ಬೇರೆ ಮಾತು.